ಒಂದು ನಾಣ್ಯದಷ್ಟು ಸಡಿಲು

ಕ್ಲಚ್ ಜಾರತೊಡಗಿದೆ ಎಂಬ ಸೂಚನೆ ನನಗೆ ಮೊದಲು ಸಿಕ್ಕಿದ್ದು ಮನೆಯಂಗಳದಲ್ಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಕೊನೆಯ ವಾರ, ಮಳೆ ತುಸು ಹೊಳವಾಗಿದ್ದ ಒಂದು ಬೆಳಿಗ್ಗೆ, ಬುಲೆಟ್ಟನ್ನು ಕೊಟ್ಟಿಗೆಯ ಮಾಡಿನಡಿಯಿಂದ ಹೊರಗೆ ತಂದು, ಆಂಪಿಯರ್ ಮೀಟರಿನ ಮುಳ್ಳು ನೋಡಿಕೊಂಡು, ಸಿಲಿಂಡರಿನೊಳಗಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಒತ್ತಿ ಪಿಸ್ಟನ್ನನ್ನು ಮೇಲಿನ ತುದಿ ದಾಟಿಸಿ, ಕಿಕ್ಕರಿನ ಮೇಲೆ ಮೈಭಾರ ಬಿಟ್ಟೆ. ದಿನವೂ ಪಾದಕ್ಕೆ ಸಿಗುತ್ತಿದ್ದ ಗಟ್ಟಿಯಾದ ತಡೆ ಅಂದು ಸಿಗಲಿಲ್ಲ. ಕಿಕ್ಕರ್ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು, ಇಂಜಿನ್ ತಿರುಗಲಿಲ್ಲ. ಎರಡನೆಯ ಬಾರಿ ಹೊಡೆದಾಗ ಸ್ಟಾರ್ಟ್ ಆಯಿತಾದ್ದರಿಂದ ನಾನು ಅದನ್ನು ಅಲ್ಲಿಗೇ ಮರೆತೆ. ಮರೆಯಬಾರದಿತ್ತು. ಈ ಹಳೆಯ ಬೈಕಿನಲ್ಲಿ ಕಿಕ್ಕಿನ ಬಲ ಗೇರ್ ಬಾಕ್ಸಿನ ಶಾಫ್ಟಿಗೆ ಹೋಗಿ, ಅಲ್ಲಿಂದ ಕ್ಲಚ್ಚಿಗೆ, ಕ್ಲಚ್ಚಿನಿಂದ ಪ್ರೈಮರಿ ಚೈನಿಗೆ, ಚೈನಿನ ಮೂಲಕ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿಗೆ ತಲುಪುತ್ತದೆ. ಸಿಲಿಂಡರಿನ ಒತ್ತಡದ (ಕಂಪ್ರೆಷನ್) ಎದುರು ಕಿಕ್ಕರ್ ಸುಮ್ಮನೆ ಇಳಿದುಹೋಯಿತೆಂದರೆ ನಡುವಿನ ಕ್ಲಚ್ ಹಿಡಿಯುತ್ತಿಲ್ಲ ಎಂದೇ ಅರ್ಥ. ರಸ್ತೆಯಲ್ಲಿ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಎರಡು ತಿಂಗಳು ಮೊದಲೇ ಬೈಕು ನನ್ನ ಪಾದಕ್ಕೆ ಅದನ್ನು ತಿಳಿಸಿತ್ತು.

ಈ ಬೈಕು ನನ್ನ ದೊಡ್ಡಪ್ಪನದು. ಅವರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದು 1984ರಲ್ಲಿ ಕೊಂಡ 350 ಸಿಸಿ ಎನ್‌ಫೀಲ್ಡ್ ಬುಲೆಟ್. ಕೊಡಗಿನಲ್ಲಿ ನಿವೃತ್ತ ಸೈನಿಕರಿಗೂ ಬುಲೆಟ್ಟಿಗೂ ಇರುವ ನಂಟು ಎಲ್ಲರೂ ಬಲ್ಲದ್ದೇ. ಗಡಿ ಕಾವಲಿಗೆ ಗಟ್ಟಿಮುಟ್ಟಾದ ಬೈಕು ಬೇಕೆಂದು ನಮ್ಮ ಸೇನೆ 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ಬುಲೆಟ್ಟುಗಳನ್ನು ತರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ, ತಿರುವೊತ್ತಿಯೂರಿನ ಕಾರ್ಖಾನೆಯಲ್ಲಿ ಅದೇ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗದೆ ತಯಾರಾಯಿತು. 70 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ), ಒಟ್ಟು 346 ಸಿಸಿ, ಬಲಗಾಲಿಗೆ ನಾಲ್ಕು ಗೇರು, ಎಡಗಾಲಿಗೆ ಬ್ರೇಕು. ಇಂದಿನ ಹುಡುಗರು ಈ ಬೈಕಿನ ಮೇಲೆ ಕುಳಿತರೆ ಮೊದಲ ತಿರುವಿನಲ್ಲೇ ಬ್ರೇಕ್ ಹಿಡಿಯಲು ಹೋಗಿ ಗೇರ್ ಬದಲಿಸುತ್ತಾರೆ. ದೊಡ್ಡಪ್ಪ ತೀರಿಕೊಂಡ ಮೇಲೆ ಬೈಕು ನನಗೆ ಬಂತು. ಅದರೊಂದಿಗೆ ತಗಡಿನ ಟೂಲ್ ಬಾಕ್ಸೂ, ಎಣ್ಣೆ ಹತ್ತಿದ ಬೆರಳಚ್ಚುಗಳಿರುವ ನೋಟ್ ಪುಸ್ತಕವೂ ಬಂದವು. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಕೆಲಸ ಮಾಡಿದೆನೆಂದು ಅವರು ಒಂದೊಂದು ಸಾಲಿನಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕವನ್ನು ನಾನು ನೆನಪಿನ ವಸ್ತುವಾಗಿ ಕಪಾಟಿನಲ್ಲಿಟ್ಟಿದ್ದೆನೇ ಹೊರತು ಓದಿರಲಿಲ್ಲ.

ತುಲಾ ಮಾಸದಲ್ಲಿ ತಲಕಾವೇರಿಗೆ ಹೋಗಿಬರಬೇಕೆಂದು ಅವ್ವ ಹೇಳಿದರು. ಸಂಕ್ರಮಣದ ದಿನದ ಜನಸಂದಣಿ ಕಳೆದ ಮೇಲೆ, ಒಂದು ವಾರದ ದಿನ, ಅವರನ್ನು ಹಿಂದೆ ಕೂರಿಸಿಕೊಂಡು ಚೇರಂಬಾಣೆಯ ಕಡೆಯ ನಮ್ಮ ಮನೆಯಿಂದ ಹೊರಟೆ. ಭಾಗಮಂಡಲದವರೆಗೆ ಏನೂ ತೊಂದರೆಯಾಗಲಿಲ್ಲ. ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್, ಬಹುಪಾಲು ಏರುದಾರಿ. ಕ್ಷೇತ್ರ ಇರುವುದು ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿ. ಅರ್ಧ ದಾರಿಯಲ್ಲಿ ಮೂರನೆಯ ಗೇರಿನಲ್ಲಿ ಎಕ್ಸಲೇಟರ್ ಕೊಟ್ಟಾಗ ಇಂಜಿನ್ನಿನ ಸದ್ದು ಏರಿತು, ಬೈಕಿನ ವೇಗ ಏರಲಿಲ್ಲ. ಇನ್ನಷ್ಟು ಕೊಟ್ಟೆ. ಸದ್ದು ಇನ್ನಷ್ಟು ಏರಿತು, ಬೈಕು ಮತ್ತಷ್ಟು ನಿಧಾನವಾಯಿತು. ಎರಡಕ್ಕೆ ಇಳಿಸಿ ಒಂದು ತಿರುವು ದಾಟಿಸುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೆಂಡು ಕರಕಲಾದಂತಹ ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿದೆ. ಹಿಂದಿನಿಂದ ಬಂದ ಜೀಪಿನವರು ಅವ್ವನನ್ನು ಹತ್ತಿಸಿಕೊಂಡು ಮೇಲಕ್ಕೆ ಹೋದರು. ನಾನು ಅರ್ಧ ಗಂಟೆ ಅಲ್ಲೇ ನಿಂತು, ಕ್ಲಚ್ ತಣಿದ ಮೇಲೆ ಬೈಕನ್ನು ತಿರುಗಿಸಿ ಇಳಿಜಾರಿನಲ್ಲಿ ಭಾಗಮಂಡಲಕ್ಕೆ ಇಳಿಸಿದೆ. ಅವ್ವ ತೀರ್ಥದ ಬಾಟಲಿ ಹಿಡಿದು ಬರುವವರೆಗೂ ನನಗೆ ಇದ್ದದ್ದು ಒಂದೇ ಯೋಚನೆ: 70 ದಾಟಿದ ತಾಯಿಯನ್ನು ಘಾಟಿಯ ನಡುವೆ ಇಳಿಸಿ ಅಪರಿಚಿತರ ಗಾಡಿ ಹತ್ತಿಸುವಂತೆ ಮಾಡಿದೆನಲ್ಲ.

ಕ್ಲಚ್ ಎಂಬುದು ಒಳಗೆ ಹೇಗಿದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯದು. ಒಂದರ ಮೇಲೊಂದು ಅಟ್ಟಿ ಹಾಕಿದ ಅಕ್ಕಿರೊಟ್ಟಿಗಳನ್ನು ಊಹಿಸಿಕೊಳ್ಳಿ. ಒಂದು ಬಿಟ್ಟು ಒಂದರಂತೆ ಕೆಲವು ತಟ್ಟೆಗಳ ಮೇಲೆ ಘರ್ಷಣೆಯ ಲೈನಿಂಗ್ ಇರುತ್ತದೆ, ಉಳಿದವು ಬರಿಯ ಉಕ್ಕಿನವು. ಲೈನಿಂಗ್ ಇರುವ ಪ್ಲೇಟುಗಳ ಅಂಚಿನಲ್ಲಿ ಕಿವಿಗಳಿದ್ದು, ಅವು ಹೊರಗಿನ ಡ್ರಮ್ಮಿನ ಸೀಳುಗಳಲ್ಲಿ ಕುಳಿತಿರುತ್ತವೆ. ಡ್ರಮ್ಮನ್ನು ಇಂಜಿನ್ ಪ್ರೈಮರಿ ಚೈನಿನ ಮೂಲಕ ತಿರುಗಿಸುತ್ತದೆ. ಉಕ್ಕಿನ ಪ್ಲೇಟುಗಳು ನಡುವಿನ ಹಬ್ಬಿನ ಹಲ್ಲುಗಳಿಗೆ ಕಚ್ಚಿಕೊಂಡಿರುತ್ತವೆ. ಹಬ್ಬು ಗೇರ್ ಬಾಕ್ಸನ್ನು ತಿರುಗಿಸುತ್ತದೆ. ಈ ಇಡೀ ಅಟ್ಟಿಯನ್ನು ಸ್ಪ್ರಿಂಗುಗಳು ಸದಾ ಅಮುಕಿ ಹಿಡಿದಿರುವುದರಿಂದ ಎರಡೂ ಬಗೆಯ ಪ್ಲೇಟುಗಳು ಒಂದೇ ತುಂಡಿನಂತೆ ತಿರುಗುತ್ತವೆ. ನಾವು ಹಿಡಿ ಒತ್ತಿದಾಗ ಕೇಬಲ್ಲು ಗೇರ್ ಬಾಕ್ಸಿನ ಬಲಬದಿಯಲ್ಲಿರುವ ಒಂದು ಸಣ್ಣ ಲಿವರನ್ನು ಎಳೆಯುತ್ತದೆ, ಆ ಲಿವರು ಟೊಳ್ಳಾದ ಶಾಫ್ಟಿನ ಒಳಗಿನಿಂದ ಹಾದುಹೋಗುವ ಪುಶ್ ರಾಡನ್ನು ಎಡಕ್ಕೆ ತಳ್ಳುತ್ತದೆ, ರಾಡು ಅಟ್ಟಿಯ ಹೊರತುದಿಯಲ್ಲಿರುವ ಪ್ರೆಷರ್ ಪ್ಲೇಟನ್ನು ಹೊರಕ್ಕೆ ನೂಕಿ ಸ್ಪ್ರಿಂಗುಗಳ ಹಿಡಿತವನ್ನು ಬಿಡಿಸುತ್ತದೆ. ಅಂದರೆ ಹಿಡಿತ ಸ್ಪ್ರಿಂಗಿನದು. ನಮ್ಮ ಕೈ ಮಾಡುವುದು ಬಿಡಿಸುವ ಕೆಲಸವನ್ನು ಮಾತ್ರ.

ಇದನ್ನು ನಾನು ಹತ್ತಾರು ವರ್ಷಗಳಿಂದ ತಿಳಿದಿದ್ದೆನೆಂದು ಭಾವಿಸಿದ್ದೆ. ತಿಳಿದಿದ್ದರೆ ಮಳೆಗಾಲದಲ್ಲಿ ಮಾಡಿದ ತಪ್ಪನ್ನು ಮಾಡುತ್ತಿರಲಿಲ್ಲ. ಜೂನ್ ತಿಂಗಳಿನಲ್ಲೇ ಬೈಕು ನ್ಯೂಟ್ರಲ್ಲಿಗೆ ಬರಲು ಹಟ ಮಾಡತೊಡಗಿತ್ತು. ಹಿಡಿ ಪೂರ್ತಿ ಒತ್ತಿದರೂ ಬೈಕು ಮುಂದಕ್ಕೆ ತೆವಳುತ್ತಿತ್ತು. ಕ್ಲಚ್ ಸರಿಯಾಗಿ ಬಿಡುತ್ತಿಲ್ಲ, ಕೇಬಲ್ ಸಡಿಲಾಗಿದೆ ಎಂದು ತೀರ್ಮಾನಿಸಿ ಅಡ್ಜಸ್ಟರನ್ನು ಬಿಗಿದೆ. ಸ್ವಲ್ಪ ಸುಧಾರಿಸಿತು. ಎರಡು ವಾರ ಬಿಟ್ಟು ಮತ್ತೊಮ್ಮೆ ಬಿಗಿದೆ. ಬ್ರೇಕ್ ಸವೆದರೆ ಬಿಗಿಯುತ್ತೇವೆ, ಕ್ಲಚ್ಚನ್ನೂ ಹಾಗೆಯೇ ಬಿಗಿಯಬೇಕು ಎಂಬ ಎಣಿಕೆ ಬೆರಳುಗಳಲ್ಲೇ ಕುಳಿತುಬಿಟ್ಟಿತ್ತು. ಅದೇ ಹೊತ್ತಿಗೆ, ಕ್ಲಚ್ ಕುಳಿತಿರುವ ಪ್ರೈಮರಿ ಚೈನ್ ಕೇಸಿನ ಎಣ್ಣೆಯನ್ನೂ ಬದಲಿಸಿದೆ. ಈ ಬೈಕಿನಲ್ಲಿ ಇಂಜಿನ್ನಿನ ಎಣ್ಣೆ ಬೇರೆ, ಚೈನ್ ಕೇಸಿನ ಎಣ್ಣೆ ಬೇರೆ. ಅದಕ್ಕೆ ಬೇಕಾಗುವುದು ಅರ್ಧ ಲೀಟರಿಗಿಂತ ಕಡಿಮೆ. ಅಷ್ಟಕ್ಕೆ ಹೊಸ ಡಬ್ಬಿ ಯಾಕೆಂದು, ಭಾವನ ಕಾರಿಗೆ ಹಾಕಿ ಉಳಿದಿದ್ದ ತೆಳುವಾದ ಸಿಂಥೆಟಿಕ್ ಎಣ್ಣೆಯನ್ನು ಸುರಿದೆ.

ತಲಕಾವೇರಿಯ ದಾರಿಯಲ್ಲಿ ನಿಂತ ಮೇಲೆ ಬೈಕನ್ನು ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿ ಪ್ಲೇಟುಗಳನ್ನು ಬದಲಿಸಿದರು. ಹಿಡಿ ಒಂದಿಷ್ಟೂ ಸಡಿಲವಿಲ್ಲದಂತೆ, ಬೆರಳು ತಾಗಿಸಿದೊಡನೆ ಎಳೆತ ಸಿಗುವಂತೆ ಕೇಬಲ್ ಹೊಂದಿಸಿಕೊಟ್ಟರು. ಬಿಲ್ ಕೊಟ್ಟು ಸಂತೋಷದಿಂದ ಮನೆಗೆ ಬಂದೆ. ಮೂರು ವಾರ ಚೆನ್ನಾಗಿತ್ತು. ನಾಲ್ಕನೆಯ ವಾರ ಸಂಪಾಜೆಯಿಂದ ಮಡಿಕೇರಿಗೆ ಏರುವಾಗ, ಜೋಡುಪಾಲ ದಾಟಿ ಮದೆನಾಡು ಸಮೀಪಿಸುತ್ತಿದ್ದಂತೆ, ಮತ್ತೆ ಅದೇ ಸದ್ದು, ಅದೇ ವಾಸನೆ. ಹೊಸ ಪ್ಲೇಟುಗಳು ಒಂದು ತಿಂಗಳಲ್ಲಿ ಸವೆಯುವುದುಂಟೇ? ಪ್ಲೇಟುಗಳ ಗುಣಮಟ್ಟ ಸರಿಯಿಲ್ಲವೆಂದು ಯಾರ ಮೇಲಾದರೂ ಕೋಪ ಮಾಡಿಕೊಳ್ಳುವುದು ಆ ಹೊತ್ತಿಗೆ ಸುಲಭವಾಗಿತ್ತು. ಮಾಡಿಕೊಂಡೆ ಕೂಡ.

ದೊಡ್ಡಪ್ಪನ ಕಾಲದಲ್ಲಿ ಈ ಬೈಕನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಮೂರ್ನಾಡಿನ ಹತ್ತಿರ ಮಗನ ಮನೆಯಲ್ಲಿದ್ದಾರೆ. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟವರು. ಒಂದು ಸಂಜೆ ಅವರನ್ನು ಕಾಣಲು ಹೋದೆ. ಬೈಕಿನ ಸದ್ದು ಕೇಳಿಯೇ ಜಗಲಿಯಿಂದ ಎದ್ದು ಬಂದರು. ನಾನು ನಡೆದದ್ದನ್ನೆಲ್ಲ ಹೇಳುತ್ತಿರುವಾಗ ಅವರು ನನ್ನ ಮಾತಿಗಿಂತ ಹೆಚ್ಚಾಗಿ ಕ್ಲಚ್ಚಿನ ಹಿಡಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಇದಕ್ಕೆ ಎಷ್ಟು ಲೂಸ್ ಬಿಟ್ಟಿದ್ದಿ?" ಎಂದು ಕೇಳಿದರು.

"ಲೂಸ್ ಇಲ್ಲ ಮೇಸ್ತ್ರಿ. ಗ್ಯಾರೇಜಿನಲ್ಲಿ ಸರಿಯಾಗಿ ಬಿಗಿದುಕೊಟ್ಟಿದ್ದಾರೆ."

"ಹಾಗಾದರೆ ನೀನು ಕೈ ಬಿಟ್ಟರೂ ಕೇಬಲ್ ಬಿಡುವುದಿಲ್ಲ ಮಾರಾಯ. ಹಗಲೂ ರಾತ್ರಿ ಯಾರೋ ಒಬ್ಬರು ಕ್ಲಚ್ ಹಿಡಿದುಕೊಂಡೇ ಇದ್ದ ಹಾಗೆ. ಪ್ಲೇಟು ಪಾಪ ಏನು ಮಾಡುತ್ತದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ನಿನ್ನ ದೊಡ್ಡಪ್ಪನ ಟೂಲ್ ಬಾಕ್ಸಿನಲ್ಲಿ ಒಂದು ರೂಪಾಯಿ ಇತ್ತಲ್ಲ, ಅದು ಉಂಟಾ?"

ಇತ್ತು. ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ, 1970ರ ದಶಕದ ಹಳೆಯ ದೊಡ್ಡ ಒಂದು ರೂಪಾಯಿ ನಾಣ್ಯ. ಅದು ಪೂಜೆಯದ್ದೋ ಹರಕೆಯದ್ದೋ ಇರಬೇಕೆಂದು ತಿಳಿದು ನಾನು ಅದನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದೆ. ಮೇಸ್ತ್ರಿ ಹೇಳಿದ ಮೇಲೆ ಅದರ ಕೆಲಸ ತಿಳಿಯಿತು. ಹಿಡಿಯನ್ನು ಎಳೆತ ಸಿಗುವವರೆಗೆ ಮಾತ್ರ ಹಗುರಾಗಿ ಎಳೆದಾಗ, ಹಿಡಿಗೂ ಅದರ ಬುಡದ ಬ್ರಾಕೆಟ್ಟಿಗೂ ನಡುವೆ ಬೀಳುವ ಸಂದಿಯಲ್ಲಿ ಈ ನಾಣ್ಯ ಸಲೀಸಾಗಿ ಹೋಗಿ ಬರಬೇಕು. ಅಷ್ಟು ಸಂದಿ ಇದ್ದರೆ ಪುಶ್ ರಾಡು ಪ್ರೆಷರ್ ಪ್ಲೇಟನ್ನು ಮುಟ್ಟದೆ ದೂರ ನಿಂತಿದೆ ಎಂದು ಅರ್ಥ, ಸ್ಪ್ರಿಂಗುಗಳು ತಮ್ಮ ಪೂರ್ಣ ಬಲದಿಂದ ಪ್ಲೇಟುಗಳನ್ನು ಅಮುಕಿವೆ ಎಂದು ಅರ್ಥ. ನಾಣ್ಯ ಹೋಗದಿದ್ದರೆ ಸ್ಪ್ರಿಂಗಿನ ಬಲದ ಒಂದು ಪಾಲನ್ನು ಕೇಬಲ್ಲೇ ಕಸಿದುಕೊಂಡಿದೆ.

ನನ್ನನ್ನು ಬೆರಗುಗೊಳಿಸಿದ್ದು ಅವರು ಆಮೇಲೆ ಹೇಳಿದ ಸಂಗತಿ. ಬ್ರೇಕಿನ ಶೂ ಸವೆದಂತೆ ಪೆಡಲಿನ ಸಡಿಲು ಹೆಚ್ಚುತ್ತದೆ, ಆದ್ದರಿಂದ ಬಿಗಿಯಬೇಕು. ಕ್ಲಚ್ಚಿನಲ್ಲಿ ಲೆಕ್ಕ ತಿರುಗುಮುರುಗು. ಪ್ಲೇಟುಗಳು ಸವೆದು ತೆಳುವಾದಂತೆ ಇಡೀ ಅಟ್ಟಿ ಕುಗ್ಗುತ್ತದೆ, ಪ್ರೆಷರ್ ಪ್ಲೇಟು ಒಳಕ್ಕೆ ಸರಿದು ಪುಶ್ ರಾಡಿನ ಸಮೀಪಕ್ಕೆ ಬರುತ್ತದೆ, ಹಿಡಿಯಲ್ಲಿದ್ದ ಸಡಿಲು ಕಡಿಮೆಯಾಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ. ಕೇಬಲ್ಲಿನ ತಂತಿ ಹಿಗ್ಗಿದರೆ ಸಡಿಲು ಹೆಚ್ಚಾಗುವುದು ನಿಜ, ಆದರೆ ಪ್ಲೇಟು ಸವೆದರೆ ಅದು ಕಡಿಮೆಯಾಗುತ್ತದೆ. ಹಾಗಾಗಿ ಸವೆದ ಕ್ಲಚ್ಚಿನ ಕೇಬಲ್ಲನ್ನು ಕಾಲಕಾಲಕ್ಕೆ ಬಿಡಬೇಕೇ ಹೊರತು ಎಳೆಯಬಾರದು. ಹಿಡಿ ಬಿಗಿಯಾಗಿದ್ದಷ್ಟೂ ಬೈಕು ಸುಸ್ಥಿತಿಯಲ್ಲಿದೆ ಎಂದು ನಂಬಿದ್ದ ನಾನು, ಇಷ್ಟು ವರ್ಷ ಅದಕ್ಕೆ ತೀರ ವಿರುದ್ಧವಾದುದನ್ನು ಮಾಡುತ್ತ ಬಂದಿದ್ದೆ.

"ಇನ್ನೊಬ್ಬರಿಗೆ ಕೊಡಬೇಡ, ನೀನೇ ಬಿಚ್ಚು. ಬಿಚ್ಚಿದ ಮೇಲೆ ಡ್ರಮ್ಮಿನ ಸೀಳಿಗೆ ಉಗುರು ಆಡಿಸಿ ನೋಡು" ಎಂದು ಹೇಳಿ ಕಳುಹಿಸಿದರು.

ಕಾಫಿ ಕೊಯ್ಲು ಆರಂಭವಾಗುವ ಮುನ್ನ ಸಿಕ್ಕ ಒಂದು ಭಾನುವಾರ ಕೊಟ್ಟಿಗೆಯಲ್ಲಿ ಗೋಣಿ ಹಾಸಿ ಕೆಲಸಕ್ಕೆ ಕುಳಿತೆ. ಎಡಗಡೆಯ ಫುಟ್‌ರೆಸ್ಟನ್ನೂ ಬ್ರೇಕ್ ಪೆಡಲನ್ನೂ ಕಳಚಿ, ಕೆಳಗೆ ಅಗಲವಾದ ಹಳೆಯ ಬೇಸಿನ್ ಇಟ್ಟು, ಚೈನ್ ಕೇಸಿನ ಹೊರಮುಚ್ಚಳವನ್ನು ಹಿಡಿದಿರುವ ನಡುವಿನ ಒಂದೇ ಒಂದು ನಟ್ಟನ್ನು ಬಿಚ್ಚಿದೆ. ಇಷ್ಟು ದೊಡ್ಡ ಮುಚ್ಚಳವನ್ನು ಒಂದೇ ನಟ್ಟು ಹಿಡಿದಿರುವುದು ಈ ಬೈಕಿನ ವಿಶೇಷ. ಅಂಚಿಗೆ ಒಂದು ರಬ್ಬರ್ ಬಳೆ ಇರುತ್ತದೆ. ಎಣ್ಣೆ ಸೋರುತ್ತದೆಂದು ನಟ್ಟನ್ನು ಮೇಲಿಂದ ಮೇಲೆ ಬಿಗಿದರೆ ಮುಚ್ಚಳವೇ ಡೊಂಕಾಗಿ ಇನ್ನೂ ಹೆಚ್ಚು ಸೋರುತ್ತದೆ. ಹೊಸ ರಬ್ಬರ್ ಹಾಕಿ ಹಿತವಾಗಿ ಬಿಗಿಯುವುದೇ ಸರಿ. ಬೇಸಿನ್ನಿಗೆ ಸುರಿದ ಎಣ್ಣೆ ಕಾಡಿಗೆಯಂತಿತ್ತು, ಮೂಗಿನ ಬಳಿ ತಂದರೆ ತಲಕಾವೇರಿಯ ದಾರಿಯ ಅದೇ ಕರಕಲು ವಾಸನೆ.

ಸ್ಪ್ರಿಂಗ್ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ ಸರದಿಯಂತೆ ಎರಡೆರಡು ಸುತ್ತು ಸಡಿಲಿಸಿ ತೆಗೆದೆ. ಪ್ರೆಷರ್ ಪ್ಲೇಟ್ ಹೊರಬಂದ ಮೇಲೆ, ಸೈಕಲ್ಲಿನ ಕಡ್ಡಿಯ ತುದಿ ಬಗ್ಗಿಸಿ ಮಾಡಿಕೊಂಡ ಕೊಕ್ಕೆಯಿಂದ ಪ್ಲೇಟುಗಳನ್ನು ಒಂದೊಂದಾಗಿ ಎಳೆದು, ಬಂದ ಕ್ರಮದಲ್ಲೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆ. ತಿಂಗಳ ಹಿಂದಷ್ಟೇ ಹಾಕಿದ್ದ ಲೈನಿಂಗಿನ ಮೇಲ್ಮೈ ಮಣ್ಣಿನ ಮಡಕೆಯ ಒಳಮೈಯಂತೆ ನುಣುಪಾಗಿ ಹೊಳೆಯುತ್ತಿತ್ತು. ದಪ್ಪ ಹೆಚ್ಚು ಕಡಿಮೆಯಾಗಿರಲಿಲ್ಲ. ಸವೆದಿರಲಿಲ್ಲ, ಸುಟ್ಟು ಗಾಜುಗಟ್ಟಿತ್ತು ಅಷ್ಟೆ. ಉಕ್ಕಿನ ಪ್ಲೇಟುಗಳಲ್ಲಿ ಎರಡರ ಮೇಲೆ ನೀಲಿ ಛಾಯೆ ಬಂದಿತ್ತು, ಅದು ಅತಿಯಾಗಿ ಕಾದ ಉಕ್ಕಿನ ಗುರುತು. ಕಿಟಕಿಯಿಂದ ಬಿಚ್ಚಿ ತಂದ ಗಾಜಿನ ಮೇಲೆ ಅವನ್ನು ಇಟ್ಟು ಬೆರಳಿನಿಂದ ಅಂಚನ್ನು ಒತ್ತಿದಾಗ ಒಂದು ಟಕ್ ಟಕ್ ಎಂದು ಅಲುಗಿತು. ಸಮತಟ್ಟಾಗಿ ಉಳಿದಿರಲಿಲ್ಲ. ಹಳೆಯ ಸ್ಪ್ರಿಂಗುಗಳನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿದರೆ ಕಣ್ಣಿಗೇ ಕಾಣುವಷ್ಟು ಗಿಡ್ಡ. ಬಿಸಿ ಉಂಡೂ ಉಂಡೂ ಅವು ಬಲ ಕಳೆದುಕೊಂಡಿದ್ದವು. ಗ್ಯಾರೇಜಿನಲ್ಲಿ ಪ್ಲೇಟುಗಳನ್ನು ಮಾತ್ರ ಬದಲಿಸಿ ಇವನ್ನು ಹಾಗೆಯೇ ಬಿಟ್ಟಿದ್ದರು. ನನ್ನ ಅಭಿಪ್ರಾಯದಲ್ಲಿ, ಪ್ಲೇಟು ಬದಲಿಸುವಾಗ ಸ್ಪ್ರಿಂಗ್ ಬದಲಿಸದಿರುವುದು ಉಳಿತಾಯವೇ ಅಲ್ಲ. ಪ್ಲೇಟುಗಳಿಗೆ ಹೋಲಿಸಿದರೆ ಅವುಗಳ ಬೆಲೆ ತೀರ ಕಡಿಮೆ.

ಆಮೇಲೆ ಮೇಸ್ತ್ರಿ ಹೇಳಿದಂತೆ ಡ್ರಮ್ಮಿನ ಸೀಳುಗಳ ಒಳಬದಿಗೆ ಉಗುರು ಆಡಿಸಿದೆ. ಉಗುರು ಟಕ್ಕೆಂದು ಸಿಕ್ಕಿಕೊಂಡಿತು. ನಲವತ್ತು ವರ್ಷ ಪ್ಲೇಟಿನ ಕಿವಿಗಳು ಒಂದೇ ಜಾಗಕ್ಕೆ ಬಡಿದೂ ಬಡಿದೂ ಅಲ್ಲಿ ಮೆಟ್ಟಿಲುಗಳಂತೆ ಗುಳಿ ಬಿದ್ದಿದ್ದವು. ಇಡೀ ಕಥೆಯ ಬುಡ ಅಲ್ಲಿತ್ತು. ಹಿಡಿ ಒತ್ತಿದಾಗ ಪ್ಲೇಟುಗಳು ಸೀಳಿನ ಉದ್ದಕ್ಕೆ ಸಲೀಸಾಗಿ ಸರಿದು ಒಂದರಿಂದ ಒಂದು ದೂರವಾಗಬೇಕು. ಗುಳಿಯಲ್ಲಿ ಕಿವಿ ಸಿಕ್ಕಿಕೊಂಡರೆ ಅವು ಸರಿಯುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ, ನ್ಯೂಟ್ರಲ್ ಸಿಗುವುದಿಲ್ಲ. ಜೂನ್ ತಿಂಗಳಲ್ಲಿ ನನ್ನನ್ನು ಕಾಡಿದ್ದು ಈ ಗುಳಿಗಳೇ. ಅದನ್ನು ನಾನು ಕೇಬಲ್ಲಿನ ಸಡಿಲು ಎಂದು ತಿಳಿದು ಬಿಗಿದೆ, ಬಿಗಿದದ್ದರಿಂದ ಪುಶ್ ರಾಡು ಸದಾ ಒತ್ತಿಕೊಂಡು ನಿಂತಿತು, ಒತ್ತಿ ನಿಂತದ್ದರಿಂದ ಪ್ಲೇಟು ಜಾರಿತು, ಜಾರಿದ್ದರಿಂದ ಕಾಯಿತು, ಕಾದದ್ದರಿಂದ ಸ್ಪ್ರಿಂಗು ಸೋತಿತು, ಸ್ಪ್ರಿಂಗು ಸೋತದ್ದರಿಂದ ಇನ್ನಷ್ಟು ಜಾರಿತು. ಬಿಡದ ಕ್ಲಚ್ಚಿಗೆ ಮಾಡಿದ ಮದ್ದು ಹಿಡಿಯದ ಕ್ಲಚ್ಚಿಗೆ ಕಾರಣವಾಗಿತ್ತು.

ಗುಳಿಗಳನ್ನು ಚಪ್ಪಟೆ ಅರದಿಂದ ಉಜ್ಜಿ ನಯ ಮಾಡಿದೆ. ಇದಕ್ಕೆ ಡ್ರಮ್ಮನ್ನು ಹೊರತೆಗೆಯುವುದೇ ಉತ್ತಮ. ವಿದ್ಯುತ್ ತಯಾರಿಸುವ ಆಲ್ಟರ್ನೇಟರನ್ನೂ ಚೈನನ್ನೂ ಕಳಚದೆ ಅದು ಹೊರಬರುವುದಿಲ್ಲವಾದ್ದರಿಂದ ನಾನು ಇದ್ದಲ್ಲೇ ಉಜ್ಜಿದೆ. ಹಾಗೆ ಮಾಡುವವರು ಒಂದು ಎಚ್ಚರಿಕೆ ವಹಿಸಬೇಕು. ಆಲ್ಟರ್ನೇಟರಿನ ತಿರುಗುವ ಭಾಗವಾದ ರೋಟರ್ ಇರುವುದು ಇದೇ ಚೈನ್ ಕೇಸಿನೊಳಗೆ, ಅದು ಅಯಸ್ಕಾಂತ. ಅರದಿಂದ ಉದುರುವ ಕಬ್ಬಿಣದ ಪುಡಿಯನ್ನೆಲ್ಲ ಅದು ತನ್ನತ್ತ ಎಳೆದುಕೊಳ್ಳುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಚೈನಿನ ಸುತ್ತಲೂ ಚಿಂದಿ ತುರುಕಿ, ಅರವನ್ನು ಆದಷ್ಟು ಹೊರಮುಖವಾಗಿಯೇ ಎಳೆದೆ. ಗುಳಿಯ ಅಂಚು ಹೋಗುವಷ್ಟು ಮಾತ್ರ ಉಜ್ಜಬೇಕು. ಪೂರ್ತಿ ಗುಳಿ ಹೋಗುವವರೆಗೆ ಉಜ್ಜಿದರೆ ಸೀಳು ಅಗಲವಾಗಿ ಪ್ಲೇಟು ಇನ್ನಷ್ಟು ಜೋರಾಗಿ ಬಡಿಯತೊಡಗುತ್ತದೆ. ಆರು ತಾಸು ಹಿಡಿಯಿತು. ಮಧ್ಯಾಹ್ನ ಅವ್ವ ಎರಡು ಬಾರಿ ಊಟಕ್ಕೆ ಕರೆದರು, ಮೂರನೆಯ ಬಾರಿ ತಾವೇ ತಟ್ಟೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದರು.

ಬಲಬದಿಯಿಂದ ಪುಶ್ ರಾಡನ್ನು ಎಳೆದಾಗ ಅದರ ತುದಿಯೂ ನೀಲಿಯಾಗಿ, ಅಣಬೆಯ ತಲೆಯಂತೆ ಅಂಚು ಮಡಚಿ ನಿಂತಿತ್ತು. ನಿಂತಲ್ಲೇ ಒತ್ತಿಕೊಂಡು ತಿರುಗಿದ ಉಕ್ಕಿನ ಸ್ಥಿತಿ ಅದು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಹೊಸ ರಾಡು ಮೈಸೂರಿನಿಂದ ಬರುವವರೆಗೆ ಕೆಲಸ ನಿಲ್ಲಿಸಬೇಕಾಯಿತು.

ಎಣ್ಣೆಯ ವಿಷಯವನ್ನೂ ಹೇಳಬೇಕು. ಕಾರಿನ ಎಣ್ಣೆ ಕೆಟ್ಟದ್ದೆಂದಲ್ಲ, ಅದು ಕಾರಿಗೆ ತಕ್ಕದ್ದು. ಸಾಮಾನ್ಯವಾಗಿ ಕಾರಿನ ಕ್ಲಚ್ ಒಣ ಕ್ಲಚ್, ಇಂಜಿನ್ನಿನ ಎಣ್ಣೆ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಪೆಟ್ರೋಲ್ ಉಳಿಸಲೆಂದು ಇತ್ತೀಚಿನ ಅನೇಕ ಕಾರು ಎಣ್ಣೆಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಸೇರಿಸುತ್ತಾರೆ. ಬೈಕಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವಂಥದ್ದು, ಘರ್ಷಣೆಯೇ ಅದರ ಜೀವ. ಈ ಸಮಸ್ಯೆಗಾಗಿಯೇ ಜಪಾನಿನವರು 1990ರ ದಶಕದ ಕೊನೆಯಲ್ಲಿ ಜಾಸೋ ಎಂಬ ಮಾನದಂಡ ರೂಪಿಸಿದರು. ಡಬ್ಬಿಯ ಹಿಂಬದಿಯಲ್ಲಿ ಜಾಸೋ ಎಂಎ ಎಂಬ ಗುರುತಿದ್ದರೆ ಆ ಎಣ್ಣೆ ಇಂಥ ಕ್ಲಚ್ಚಿಗೆ ಹೊಂದುತ್ತದೆ, ಎಂಬಿ ಎಂದಿದ್ದರೆ ಹೊಂದುವುದಿಲ್ಲ. ಬೈಕಿನ ಎಣ್ಣೆ ಕೊಳ್ಳುವಾಗ ಜಾಹೀರಾತಿನ ಮಾತುಗಳನ್ನು ಬಿಟ್ಟು ಈ ಎರಡು ಅಕ್ಷರಗಳನ್ನು ಓದಿದರೆ ಸಾಕು. ನಾನು ಮತ್ತೆ ಹಾಕಿದ್ದು ಬೈಕಿನ ಸಾಮಾನ್ಯ 20ಡಬ್ಲ್ಯು-50 ಎಣ್ಣೆ. ಹೊಸ ಪ್ಲೇಟುಗಳನ್ನು ಒಂದು ರಾತ್ರಿ ಅದೇ ಎಣ್ಣೆಯಲ್ಲಿ ನೆನೆಸಿಟ್ಟೆ. ಒಣ ಲೈನಿಂಗನ್ನು ಹಾಗೆಯೇ ಕೂರಿಸಿ ಓಡಿಸಿದರೆ ಮೊದಲ ಕೆಲವು ಕ್ಷಣಗಳಲ್ಲೇ ಅದರ ಮೇಲ್ಮೈ ಸುಡುತ್ತದೆ.

ಜೋಡಿಸುವ ಕೆಲಸ ಬೇಗ ಮುಗಿಯಿತು. ಬಿಚ್ಚಿದ ಕ್ರಮಕ್ಕೆ ತಿರುಗಾಗಿ ಪ್ಲೇಟುಗಳನ್ನು ಕೂರಿಸಿ, ಹೊಸ ಸ್ಪ್ರಿಂಗುಗಳನ್ನು ಸರದಿಯಂತೆ ಬಿಗಿದು, ಮುಚ್ಚಳ ಹಾಕುವ ಮೊದಲು ಹಿಡಿ ಎಳೆದು ಕಿಕ್ಕರ್ ಒತ್ತಿ, ಪ್ರೆಷರ್ ಪ್ಲೇಟು ಓರೆಯಾಗದೆ ಎಲ್ಲ ಕಡೆಯೂ ಸಮವಾಗಿ ಎದ್ದು ತಿರುಗುತ್ತಿದೆಯೇ ಎಂದು ನೋಡಿದೆ. ಆಮೇಲೆ ಬಲಬದಿಯ ಸಣ್ಣ ಮುಚ್ಚಳ ತೆಗೆದು ಹೊಂದಾಣಿಕೆಗೆ ಕೈಹಾಕಿದೆ. ಇಲ್ಲಿ ಕ್ರಮ ಮುಖ್ಯ. ಮೊದಲು ಕೇಬಲ್ಲಿನ ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿ ಕೇಬಲ್ಲನ್ನು ಲೆಕ್ಕದಿಂದ ಹೊರಗಿಡಬೇಕು. ಲಿವರಿನ ಲಾಕ್ ನಟ್ಟನ್ನು ಬಿಚ್ಚಿ, ಒಳಗಿನ ಸ್ಕ್ರೂವನ್ನು ಪುಶ್ ರಾಡಿಗೆ ಈಗಷ್ಟೇ ತಾಗಿತು ಎನ್ನುವವರೆಗೆ ತಿರುಗಿಸಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ತಂದು, ಸ್ಕ್ರೂ ಅಲುಗದಂತೆ ಹಿಡಿದುಕೊಂಡೇ ಲಾಕ್ ನಟ್ಟನ್ನು ಬಿಗಿಯಬೇಕು. ಇದಾದ ಮೇಲೆಯೇ ಕೇಬಲ್ಲಿನ ಸರದಿ. ನಾನೂ ಗ್ಯಾರೇಜಿನವರೂ ಮೇಲಿನ ಅಡ್ಜಸ್ಟರನ್ನು ಮಾತ್ರ ತಿರುಗಿಸಿದ್ದೆವು, ಒಳಗಿನ ಈ ಸ್ಕ್ರೂವನ್ನು ದೊಡ್ಡಪ್ಪನ ಬಳಿಕ ಯಾರೂ ಮುಟ್ಟಿರಲಿಲ್ಲ.

ಕೇಬಲ್ಲನ್ನೂ ಬಿಚ್ಚಿ ಕೊಟ್ಟಿಗೆಯ ತೊಲೆಗೆ ನೇತುಹಾಕಿ, ಮೇಲಿನ ತುದಿಗೆ ಕಾಗದದ ಆಳಿಕೆ ಕಟ್ಟಿ, ಎಣ್ಣೆ ಹನಿ ಹನಿಯಾಗಿ ಇಳಿಯಲು ರಾತ್ರಿಯಿಡೀ ಬಿಟ್ಟಿದ್ದೆ. ನಮ್ಮ ಮಳೆಗೆ ಕೇಬಲ್ಲಿನ ಒಳಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ಎಳೆದಾಗ ಬರುತ್ತದೆ, ಬಿಟ್ಟಾಗ ಹಿಂದಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಕೆಳಗಿನ ತುದಿಯಿಂದ ಕಂದು ಬಣ್ಣದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನನ್ನ ಓಡಿಸುವ ರೀತಿಯ ಬಗ್ಗೆಯೂ ಯೋಚಿಸಬೇಕಾಯಿತು. ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಳಗಿನ ಪಟ್ಟಿಯಿಂದ ಕಣಕ್ಕೆ ಕಾಫಿ ಹಣ್ಣಿನ ಮೂಟೆಯನ್ನು ಹಿಂದಿನ ಸೀಟಿಗೆ ಕಟ್ಟಿ ತರುವುದು ನಮ್ಮಲ್ಲಿ ರೂಢಿ. ಕಲ್ಲು ಹಾಸಿದ ಕಡಿದಾದ ಆ ದಾರಿಯನ್ನು ನಾನು ಉದ್ದಕ್ಕೂ ಹಾಫ್ ಕ್ಲಚ್ಚಿನಲ್ಲೇ ಹತ್ತಿಸುತ್ತಿದ್ದೆ. ಏರಿನಲ್ಲಿ ಎದುರಿನಿಂದ ಗಾಡಿ ಬಂದರೆ ಬ್ರೇಕ್ ಹಿಡಿಯದೆ ಕ್ಲಚ್ಚಿನ ಮೇಲೆಯೇ ಬೈಕನ್ನು ತೂಗಿ ನಿಲ್ಲಿಸುವುದು ಒಂದು ಕೌಶಲವೆಂದು ತಿಳಿದಿದ್ದೆ. ಹಾಫ್ ಕ್ಲಚ್ ಎಂದರೆ ಬೇಕೆಂದೇ ಜಾರಿಸುವುದು. ಅಷ್ಟೂ ಹೊತ್ತು ಇಂಜಿನ್ನಿನ ಬಲದ ಒಂದು ಪಾಲು ಪ್ಲೇಟುಗಳ ನಡುವೆ ಬೆಂಕಿಯಾಗಿ ಕಳೆದುಹೋಗುತ್ತಿರುತ್ತದೆ. ಈಗ ಮೂಟೆ ಇದ್ದರೆ ಮೊದಲ ಗೇರಿನಲ್ಲೇ ಕ್ಲಚ್ಚನ್ನು ಪೂರ್ತಿ ಬಿಟ್ಟು ನಿಧಾನವಾಗಿ ಏರುತ್ತೇನೆ, ನಿಲ್ಲಬೇಕಾದರೆ ಬ್ರೇಕ್ ಹಿಡಿದು ನಿಲ್ಲುತ್ತೇನೆ. ನಮ್ಮ ನೆರೆಯವರಲ್ಲಿ ಒಂದು ಯೆಜ್ದಿ ಇದೆ, ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯದು. ಅದರಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಗೇರ್ ಲಿವರಿನ ಮೇಲೆ ಕಾಲಿಟ್ಟುಕೊಂಡು ಓಡಿಸುವ ಚಾಳಿ ಇದ್ದರೆ ಅಲ್ಲಿಯೂ ಇದೇ ಕೇಡು, ಕೈಯ ಬದಲು ಕಾಲಿನಿಂದ. ನೆರೆಯವರಿಗೆ ಇದನ್ನು ಹೇಳಿದಾಗ ಅವರು ಅಂದೇ ಅದರ ಹೊಂದಾಣಿಕೆಯನ್ನು ಪರೀಕ್ಷಿಸಿಕೊಂಡರು.

ಪರೀಕ್ಷೆಗೆ ತಲಕಾವೇರಿಗೇ ಹೋಗಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಭಾಗಮಂಡಲಕ್ಕೆ ಮೊದಲು ಸಿಗುವ ಸಮದಾರಿಯಲ್ಲಿ ನಾಲ್ಕನೆಯ ಗೇರಿನಲ್ಲಿ 40ರ ವೇಗದಿಂದ ಎಕ್ಸಲೇಟರನ್ನು ಒಮ್ಮೆಗೇ ತೆರೆದೆ. ಕ್ಲಚ್ ಜಾರುವುದಿದ್ದರೆ ಈ ಪರೀಕ್ಷೆಯಲ್ಲಿ ಮೊದಲು ಸದ್ದು ಏರುತ್ತದೆ. ಏರಲಿಲ್ಲ, ಸದ್ದೂ ವೇಗವೂ ಒಟ್ಟೊಟ್ಟಿಗೆ ಮೇಲೇರಿದವು. ಹಿಂದೆ ಅವ್ವ ಇದ್ದರು. ಅವರು ಬರುವುದಿಲ್ಲವೆಂದು ನಾನು ಎಣಿಸಿದ್ದೆ, ಕೇಳಿದೊಡನೆ ಸೀರೆ ಬದಲಿಸಿ ಬಂದು ಕುಳಿತರು. ಅಂದು ನಿಂತಿದ್ದ ತಿರುವನ್ನು ಮೂರನೆಯ ಗೇರಿನಲ್ಲೇ ದಾಟಿದೆವು.

500 ಕಿಲೋಮೀಟರ್ ಆದ ಮೇಲೆ ಒಂದು ಬೆಳಿಗ್ಗೆ ತಣ್ಣಗಿನ ಬೈಕಿನ ಹಿಡಿಯನ್ನು ಹಗುರಾಗಿ ಎಳೆದು ನಾಣ್ಯ ತೂರಿಸಿದೆ. ಅಂಚು ಮಾತ್ರ ಹೋಗಿ ನಿಂತಿತು. ಹೊಸ ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಂಡು ತುಸು ಕುಗ್ಗಿದ್ದವು, ಮೇಸ್ತ್ರಿ ಹೇಳಿದಂತೆಯೇ ಸಡಿಲು ಕಡಿಮೆಯಾಗಿತ್ತು. ಅಡ್ಜಸ್ಟರನ್ನು ಅರ್ಧ ಸುತ್ತು ಬಿಟ್ಟೆ, ನಾಣ್ಯ ಹೋಗಿ ಬಂತು. ಕಪಾಟಿನಿಂದ ದೊಡ್ಡಪ್ಪನ ನೋಟ್ ಪುಸ್ತಕ ತಂದು ಅವರ ಕೊನೆಯ ಸಾಲು ಹುಡುಕಿದೆ. ಅವರ ಓರೆ ಅಕ್ಷರದಲ್ಲಿ, ದಿನಾಂಕ ಮತ್ತು ಕಿಲೋಮೀಟರಿನ ಮುಂದೆ, "ಕ್ಲಚ್ ಕೇಬಲ್ ಅರ್ಧ ಸುತ್ತು ಬಿಟ್ಟಿದೆ" ಎಂದಿತ್ತು. ಅದರ ಕೆಳಗೆ ಆ ದಿನದ ದಿನಾಂಕ ಹಾಕಿ ನಾನೂ ಅದನ್ನೇ ಬರೆದೆ.